ಬೋಟಿನ ಆಳಮಾಪಕಕ್ಕೆ ಬದಲಿ ಟ್ರಾನ್ಸ್‌ಡ್ಯೂಸರ್ ಆರಿಸುವ ಬಗೆ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಚಳಿಗಾಲವಿಡೀ ಹೊದಿಕೆಯ ಕೆಳಗೆ ನಿಂತಿದ್ದ ಬೋಟನ್ನು ಮೇ ತಿಂಗಳಲ್ಲಿ ನೀರಿಗಿಳಿಸಿದ ದಿನವೇ, ಆಳಮಾಪಕದ ಪರದೆಯಲ್ಲಿ ಅಂಕಿ ಇರಬೇಕಾದ ಜಾಗದಲ್ಲಿ ಎರಡು ಅಡ್ಡಗೆರೆಗಳು ಮಿನುಗತೊಡಗುವುದು ಈ ಕಡೆಯ ಬೋಟಿನವರಿಗೆ ಪರಿಚಿತವಾದ ತಲೆನೋವು. ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಸರೋವರದ ಸರಾಸರಿ ಆಳ ಸುಮಾರು 3.4 ಮೀಟರ್, ಹಡಗುಗಳಿಗಾಗಿ ತೋಡಿರುವ ಕಾಲುವೆಯನ್ನು ಬಿಟ್ಟರೆ ಅತಿ ಆಳದ ಜಾಗವೂ 6.5 ಮೀಟರ್ ದಾಟುವುದಿಲ್ಲ. ಇಂಥ ನೀರಿನಲ್ಲಿ ಆಳ ತಿಳಿಯದೆ ಓಡಾಡಿದರೆ ಪ್ರೊಪೆಲ್ಲರ್ ಮರಳನ್ನು ಉಳುತ್ತದೆ. ಅದಕ್ಕೇ ಹಲವರು ಅದೇ ಸಂಜೆ ಹೊಸ ಟ್ರಾನ್ಸ್‌ಡ್ಯೂಸರಿಗೆ, ಅಂದರೆ ನೀರಿನೊಳಕ್ಕೆ ಶಬ್ದ ಕಳಿಸಿ ಪ್ರತಿಧ್ವನಿ ಹಿಡಿಯುವ ಭಾಗಕ್ಕೆ, ಆರ್ಡರ್ ಕೊಟ್ಟುಬಿಡುತ್ತಾರೆ. ವಾರದ ಮೇಲೆ ಪೆಟ್ಟಿಗೆ ಬಂದಾಗ ಕನೆಕ್ಟರ್ ಹೊಂದುವುದಿಲ್ಲ. ಕನೆಕ್ಟರ್ ಹೊಂದಿದರೆ ಬೋಟಿನ ತಳಕ್ಕೆ ಹೊಂದುವುದಿಲ್ಲ. ನಾನೂ ಒಮ್ಮೆ ಹಾಗೆ ಮಾಡಿದವನೇ. ಆ ಟ್ರಾನ್ಸ್‌ಡ್ಯೂಸರ್ ಇಂದಿಗೂ ಗ್ಯಾರೇಜಿನ ಕಪಾಟಿನಲ್ಲಿ ಕೂತಿದೆ.

ತಪ್ಪು ಆಗುವುದು ಪ್ರಶ್ನೆಗಳನ್ನು ಕೇಳಿಕೊಳ್ಳುವ ಕ್ರಮದಲ್ಲಿ. ಯಾವುದರ ಚಿತ್ರ ಚೆನ್ನ, ಯಾವುದು ಹೆಚ್ಚು ಆಳಕ್ಕೆ ಹೋಗುತ್ತದೆ ಎಂಬಲ್ಲಿಂದ ಶುರುಮಾಡುವವರು ಕೊನೆಗೆ ಕೇಳಿಕೊಳ್ಳುವ ಪ್ರಶ್ನೆಗಳೇ ಮೊದಲು ಬರಬೇಕಾದವು: ನನ್ನ ಪರದೆ ಯಾವುದನ್ನು ಒಪ್ಪುತ್ತದೆ, ನನ್ನ ಬೋಟಿನ ತಳ ಯಾವುದಕ್ಕೆ ಎಡೆಕೊಡುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕಾಗ ಉಳಿಯುವ ಆಯ್ಕೆ ಸಾಮಾನ್ಯವಾಗಿ ಎರಡೋ ಮೂರೋ ಮಾದರಿಗಳಷ್ಟೇ. ನೀರಿನ ಆಳದ ವಿಚಾರವನ್ನು ಅವುಗಳ ನಡುವೆ ನಿರ್ಧರಿಸಲು ಇಟ್ಟುಕೊಳ್ಳಬಹುದು.

ಅದಕ್ಕೂ ಮೊದಲು, ಹಳೆಯದು ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಟ್ರಾನ್ಸ್‌ಡ್ಯೂಸರಿನ ಒಳಗಿರುವುದು ವಿದ್ಯುತ್ತು ಹರಿದರೆ ಕಂಪಿಸುವ, ಕಂಪನ ತಾಗಿದರೆ ವಿದ್ಯುತ್ತು ಹುಟ್ಟಿಸುವ ಒಂದು ಸೆರಾಮಿಕ್ ಬಿಲ್ಲೆ. ಅದು ಕಳಿಸಿದ ಶಬ್ದ ತಳಕ್ಕೆ ಬಡಿದು ಮರಳುವ ಸಮಯವನ್ನು ಪರದೆಯ ಯಂತ್ರ ಅಳೆಯುತ್ತದೆ. ಸಿಹಿನೀರಿನಲ್ಲಿ ಶಬ್ದದ ವೇಗ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೆಕೆಂಡಿಗೆ ಸುಮಾರು 1,480 ಮೀಟರ್, ಹಾಗಾಗಿ 3.4 ಮೀಟರ್ ಆಳದಿಂದ ಪ್ರತಿಧ್ವನಿ ಐದು ಮಿಲಿಸೆಕೆಂಡಿನೊಳಗೆ ವಾಪಸು ಬರುತ್ತದೆ. ಈ ಬಿಲ್ಲೆಗೂ ನೀರಿಗೂ ನಡುವೆ ಗಾಳಿಯ ತೆಳು ಪದರ ಬಂದರೂ ಶಬ್ದ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಟ್ರೇಲರಿನ ಮೇಲೆ ನಿಂತಿರುವ ಬೋಟಿನಲ್ಲಿ ಆಳ ಕಾಣಿಸುತ್ತಿಲ್ಲವೆಂದು ಯಂತ್ರವನ್ನು ದೂರುವಂತಿಲ್ಲ. ಕಾಣಿಸಿದರೆ ಇನ್ನೂ ಅನುಮಾನಪಡಬೇಕು, ಏಕೆಂದರೆ ಅದು ಅಂಗಡಿಯಲ್ಲಿ ತೋರಿಸಲು ಇರುವ ಸಿಮ್ಯುಲೇಟರ್ ಮೋಡ್ ಆಗಿರುವ ಸಾಧ್ಯತೆಯೇ ಹೆಚ್ಚು.

ಬೋಟು ನೀರಿನಲ್ಲಿರುವಾಗ ಮೊದಲು ಬ್ಯಾಟರಿಯ ವೋಲ್ಟೇಜ್ ನೋಡಬೇಕು, ಆಮೇಲೆ ಪರದೆಯ ಹಿಂಬದಿಯ ಕನೆಕ್ಟರನ್ನು ಕಳಚಿ ಪಿನ್‌ಗಳಲ್ಲಿ ಹಸಿರು ತುಕ್ಕು ಹಿಡಿದಿದೆಯೇ, ಯಾವುದಾದರೂ ಪಿನ್ ಬಾಗಿದೆಯೇ ಎಂದು ಪರೀಕ್ಷಿಸಬೇಕು. ನಂತರ ಟ್ರಾನ್ಸ್‌ಡ್ಯೂಸರಿನ ಮುಖವನ್ನು ನೋಡಬೇಕು. ಉತ್ತರ ಅಮೆರಿಕದಲ್ಲಿ ಜೀಬ್ರಾ ಮಸಲ್ ಎಂಬ ಬೆರಳ ಉಗುರಿನಷ್ಟು ಚಿಪ್ಪುಜೀವಿ ಮೊದಲು ಪತ್ತೆಯಾದದ್ದು 1988ರಲ್ಲಿ, ಇದೇ ಸೇಂಟ್ ಕ್ಲೇರ್ ಸರೋವರದಲ್ಲಿ. ಬೇಸಿಗೆಯಿಡೀ ನೀರಿನಲ್ಲೇ ಇರುವ ಬೋಟುಗಳ ಟ್ರಾನ್ಸ್‌ಡ್ಯೂಸರ್ ಮೇಲೆ ಅವು ಪದರ ಕಟ್ಟಿದರೆ ಪ್ರತಿಧ್ವನಿ ಕ್ಷೀಣಿಸಿ ಯಂತ್ರ ಸತ್ತಂತೆಯೇ ಕಾಣುತ್ತದೆ. ಮೃದು ಬಟ್ಟೆ, ಸಾದಾ ಸಾಬೂನು, ಬೇಕಾದರೆ ಕೆರೆಯುವ ಪ್ಲಾಸ್ಟಿಕ್ ಪಟ್ಟಿಯಿಂದ ಅದನ್ನು ತೆಗೆಯಬಹುದು. ಅಸಿಟೋನ್‌ನಂಥ ದ್ರಾವಕವನ್ನು ಮಾತ್ರ ಹತ್ತಿರ ತರಬಾರದು, ಅದು ಪ್ಲಾಸ್ಟಿಕ್ ಕವಚವನ್ನೇ ತಿನ್ನುತ್ತದೆ.

ಇದರ ಜತೆಗೆ ಲಕ್ಷಣಗಳನ್ನು ಓದಬೇಕು. ನಿಂತಲ್ಲಿ ಮತ್ತು ನಿಧಾನ ವೇಗದಲ್ಲಿ ಆಳ ಸರಿಯಾಗಿ ಬಂದು, ವೇಗ ಏರಿದಾಗ ಮಾತ್ರ ಅಂಕಿ ಮಾಯವಾಗುವುದಾದರೆ ಟ್ರಾನ್ಸ್‌ಡ್ಯೂಸರ್ ಕೆಟ್ಟಿಲ್ಲ, ಅದರ ಮುಖದ ಮೇಲೆ ಗಾಳಿಗುಳ್ಳೆಗಳು ಹಾಯುತ್ತಿವೆ. ಹೊಸದನ್ನು ಅದೇ ಜಾಗದಲ್ಲಿ ಕೂರಿಸಿದರೆ ಅದೂ ಹಾಗೆಯೇ ವರ್ತಿಸುತ್ತದೆ. ನೀರಿನ ಉಷ್ಣತೆ ಸರಿಯಾಗಿ ಬರುತ್ತಿದ್ದು ಆಳ ಮಾತ್ರ ಬರದಿದ್ದರೆ ಕೇಬಲ್ ಪೂರ್ತಿ ತುಂಡಾಗಿಲ್ಲ, ಬಿಲ್ಲೆಯನ್ನೋ ಅದರ ತಂತಿಗಳನ್ನೋ ಶಂಕಿಸಬೇಕು. ಎಲ್ಲಕ್ಕಿಂತ ನಂಬಲರ್ಹ ಪರೀಕ್ಷೆಯೆಂದರೆ, ಅದೇ ಮಾದರಿಯ ಯಂತ್ರವಿರುವ ಪರಿಚಯಸ್ಥರ ಪರದೆಗೆ ನಿಮ್ಮ ಟ್ರಾನ್ಸ್‌ಡ್ಯೂಸರನ್ನು ಸಿಕ್ಕಿಸಿ ನೋಡುವುದು. ಅಲ್ಲಿ ಕೆಲಸ ಮಾಡಿದರೆ ಕೆಟ್ಟಿರುವುದು ನಿಮ್ಮ ಪರದೆ.

ಟ್ರಾನ್ಸ್‌ಡ್ಯೂಸರೇ ಕೆಟ್ಟಿದೆ ಎಂದು ತೀರ್ಮಾನವಾದ ಮೇಲೆ ಪರದೆಯ ಯಂತ್ರದ ಹಿಂಬದಿಯ ಚೀಟಿಯನ್ನೂ ಟ್ರಾನ್ಸ್‌ಡ್ಯೂಸರಿನ ಕೇಬಲ್‌ಗೆ ಸುತ್ತಿರುವ ಚೀಟಿಯನ್ನೂ ಫೋಟೊ ತೆಗೆದಿಟ್ಟುಕೊಳ್ಳಬೇಕು. ಕೇಬಲ್ಲಿನ ಚೀಟಿ ಸಾಮಾನ್ಯವಾಗಿ ಕನೆಕ್ಟರಿನ ಹತ್ತಿರ ಇರುತ್ತದೆ. ಅದರಲ್ಲಿ ಮಾದರಿ ಸಂಖ್ಯೆ, ಆವರ್ತನ ಕಾಣುತ್ತವೆ. ಮಾರುಕಟ್ಟೆಯಲ್ಲಿ ಹತ್ತಾರು ಹೆಸರುಗಳಿದ್ದರೂ ಒಳಗಿನ ವಸ್ತು ಎಷ್ಟೋ ಸಲ ಒಂದೇ ಆಗಿರುತ್ತದೆ: ನ್ಯೂ ಹ್ಯಾಂಪ್‌ಶೈರ್‌ನ ಮಿಲ್ಫರ್ಡಿನಲ್ಲಿರುವ ಏರ್‌ಮಾರ್ ಕಂಪನಿ ಹಲವು ಬ್ರ್ಯಾಂಡುಗಳಿಗೆ ಟ್ರಾನ್ಸ್‌ಡ್ಯೂಸರ್ ತಯಾರಿಸಿ ಕೊಡುತ್ತದೆ. ಅದರ ಪಿ66 ಎಂಬ ಮಾದರಿಯೇ ಬೇರೆ ಬೇರೆ ತುದಿಗಳೊಂದಿಗೆ ಬೇರೆ ಬೇರೆ ಯಂತ್ರಗಳಿಗೆ ಸಿಗುತ್ತದೆ. ಈ ತುದಿಯಲ್ಲೇ ಗೊಂದಲವೆಲ್ಲ ಇರುವುದು. ಗಾರ್ಮಿನ್ ಒಂದರಲ್ಲೇ ಕಾಲಕಾಲಕ್ಕೆ 4, 6, 8, 12 ಪಿನ್‌ಗಳ ಕನೆಕ್ಟರುಗಳು ಬಂದಿವೆ. ಲೋರೆನ್ಸ್ ಯಂತ್ರಗಳಲ್ಲಿ ಹಳೆಯವಕ್ಕೆ ನೀಲಿ ಬಣ್ಣದ 7 ಪಿನ್, ಆಮೇಲಿನವಕ್ಕೆ ಕಪ್ಪು ಬಣ್ಣದ 9 ಪಿನ್. ನೀಲಿ ತುದಿಯ ಹಳೆಯ ಟ್ರಾನ್ಸ್‌ಡ್ಯೂಸರನ್ನು ಕಪ್ಪು ಕಿಂಡಿಗೆ ಹೊಂದಿಸುವ ಅಡಾಪ್ಟರ್ ಸಿಗುತ್ತದೆ, ಆದರೆ ಅಡಾಪ್ಟರ್ ಮಾಡುವುದು ತಂತಿಗಳನ್ನು ಜೋಡಿಸುವ ಕೆಲಸ ಮಾತ್ರ. ಯಂತ್ರಕ್ಕೆ ಅರಿಯದ ಆವರ್ತನವನ್ನು ಅದು ಕಲಿಸಿಕೊಡಲಾರದು. 50 ಮತ್ತು 200 ಕಿಲೋಹರ್ಟ್ಸ್‌ಗಳಿಗಾಗಿ ಮಾಡಿದ ಯಂತ್ರಕ್ಕೆ 83 ಮತ್ತು 200ರ ಟ್ರಾನ್ಸ್‌ಡ್ಯೂಸರ್ ಹಾಕಿದರೆ 200ರಲ್ಲಿ ಕೆಲಸ ನಡೆದೀತು, ಇನ್ನೊಂದರಲ್ಲಿ ನಡೆಯುವುದಿಲ್ಲ. ಚಿರ್ಪ್ ಎಂದು ಕರೆಯುವ, ಒಂದೇ ಆವರ್ತನದ ಬದಲು ಒಂದು ವ್ಯಾಪ್ತಿಯುದ್ದಕ್ಕೂ ಏರುವ ನಾದವನ್ನು ಕಳಿಸುವ ಟ್ರಾನ್ಸ್‌ಡ್ಯೂಸರನ್ನು ಹಳೆಯ ಯಂತ್ರಕ್ಕೆ ಕೊಂಡರೆ ಹಣ ದಂಡ, ಏಕೆಂದರೆ ಆ ನಾದವನ್ನು ಹುಟ್ಟಿಸಬೇಕಾದದ್ದು ಪರದೆಯ ಯಂತ್ರ.

ವಾಟೇಜಿನ ನಿಯಮ ಸರಳವಾದದ್ದು. ಯಂತ್ರ ಹೊರಹಾಕುವ ಶಕ್ತಿ ಟ್ರಾನ್ಸ್‌ಡ್ಯೂಸರ್ ತಾಳಬಲ್ಲ ಶಕ್ತಿಯನ್ನು ಮೀರಬಾರದು. ಮನೋರಂಜನೆಯ ಬೋಟುಗಳಲ್ಲಿ 600 ವಾಟ್ ಸಾಮಾನ್ಯ. ಅಂಥ ಯಂತ್ರಕ್ಕೆ 1 ಕಿಲೋವಾಟಿನ ಟ್ರಾನ್ಸ್‌ಡ್ಯೂಸರ್ ಕಟ್ಟಿದರೆ ಕೆಡುವುದೇನೂ ಇಲ್ಲ, ಆದರೆ ಯಂತ್ರದ ಶಕ್ತಿ 600 ವಾಟ್ ಆಗಿಯೇ ಉಳಿಯುತ್ತದೆ.

ಪರದೆಯ ಯಂತ್ರ ಹದಿನೈದು ವರ್ಷ ಹಳೆಯದಾಗಿ, ಅದಕ್ಕೆ ಹೊಂದುವ ಟ್ರಾನ್ಸ್‌ಡ್ಯೂಸರ್ ಎಲ್ಲೂ ಸಿಗದಿದ್ದಾಗ ಇನ್ನೊಂದು ದಾರಿಯಿದೆ. ಸ್ಮಾರ್ಟ್ ಟ್ರಾನ್ಸ್‌ಡ್ಯೂಸರ್ ಎಂಬ ಬಗೆಯಲ್ಲಿ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ಸ್ ಟ್ರಾನ್ಸ್‌ಡ್ಯೂಸರಿನ ಒಳಗೇ ಇರುತ್ತದೆ. ಅದು ಆಳವನ್ನು ಅಂಕಿಯಾಗಿಯೇ ಎನ್‌ಎಮ್‌ಇಎ 0183 ಅಥವಾ ಎನ್‌ಎಮ್‌ಇಎ 2000 ಎಂಬ ಬೋಟಿನ ಜಾಲಕ್ಕೆ ಕಳಿಸುತ್ತದೆ. ಏರ್‌ಮಾರ್‌ನ ಡಿಎಸ್‌ಟಿ800 ಈ ಬಗೆಯದು. ಆಳ, ವೇಗ, ಉಷ್ಣತೆ ಮೂರನ್ನೂ ಕೊಡುತ್ತದೆ. ಆ ಜಾಲದ ಭಾಷೆ ತಿಳಿದ ಯಾವ ಬ್ರ್ಯಾಂಡಿನ ಪರದೆಯಾದರೂ ಅದನ್ನು ತೋರಿಸಬಲ್ಲುದು. ಆದರೆ ಪರದೆಯಲ್ಲಿ ಮೀನನ್ನು ತೋರಿಸುವ ಕಮಾನುಗಳೂ ತಳದ ಚಿತ್ರವೂ ಇದರಲ್ಲಿ ಬರುವುದಿಲ್ಲ, ಬರುವುದು ಅಂಕಿ ಮಾತ್ರ. ಹಾಯಿದೋಣಿಯವರಿಗೆ ಅಷ್ಟೇ ಸಾಕು. ಮೀನು ಹಿಡಿಯುವವರಿಗೆ ಸಾಲದು.

ಇನ್ನು ಬೋಟಿನ ತಳದ ಪ್ರಶ್ನೆ. ಟ್ರಾನ್ಸ್‌ಡ್ಯೂಸರ್ ಕೂರಿಸುವ ಮೂರು ಮುಖ್ಯ ವಿಧಾನಗಳಲ್ಲಿ ಯಾವುದು ನಿಮಗೆ ಎಂಬುದನ್ನು ಬಹುಪಾಲು ಎಂಜಿನ್ನೇ ನಿರ್ಧರಿಸುತ್ತದೆ. ಹಿಂಬದಿಯ ನೆಟ್ಟನೆಯ ಹಲಗೆಗೆ, ಅಂದರೆ ಟ್ರಾನ್ಸಮ್‌ಗೆ, ಪ್ಲಾಸ್ಟಿಕ್ ಟ್ರಾನ್ಸ್‌ಡ್ಯೂಸರನ್ನು ತಿರುಪಿನಿಂದ ಬಿಗಿಯುವುದು ಅಗ್ಗದ, ಸುಲಭದ ದಾರಿ. ಔಟ್‌ಬೋರ್ಡ್, ಅಂದರೆ ಹಿಂಬದಿಯ ಹೊರಗೆ ತಗುಲಿಸಿದ ಎಂಜಿನ್ನಿನ, ಟ್ರೇಲರಿನಲ್ಲಿ ಸಾಗಿಸುವ ಬೋಟುಗಳಿಗೆ ಇದೇ ಸರಿ. ಒಂದೇ ಎಂಜಿನ್ ಇದ್ದರೆ ಬಲಬದಿಯಲ್ಲಿ ಹಾಕುವುದು ವಾಡಿಕೆ, ಏಕೆಂದರೆ ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುವ ಪ್ರೊಪೆಲ್ಲರಿನ ಎಲೆಗಳು ಆ ಬದಿಯಲ್ಲಿ ಕೆಳಮುಖವಾಗಿ ಚಲಿಸಿ ಗುಳ್ಳೆಗಳನ್ನು ಕೆಳಕ್ಕೆ ಒತ್ತುತ್ತವೆ. ಆದರೆ ಪ್ರೊಪೆಲ್ಲರ್ ಟ್ರಾನ್ಸಮ್‌ಗಿಂತ ಮುಂದೆ, ಬೋಟಿನ ಅಡಿಯಲ್ಲೇ ಇರುವ ಇನ್‌ಬೋರ್ಡ್ ಬೋಟಿಗೆ ಈ ವಿಧಾನ ಕೂಡದು. ಪ್ರೊಪೆಲ್ಲರ್ ಕದಡಿದ ನೊರೆಯೆಲ್ಲ ನೇರವಾಗಿ ಟ್ರಾನ್ಸ್‌ಡ್ಯೂಸರಿನ ಮುಖಕ್ಕೇ ಬರುತ್ತದೆ.

ಎರಡನೆಯದು ಇನ್-ಹಲ್ ವಿಧಾನ. ಬೋಟಿನ ಒಳಗಿನಿಂದಲೇ ತಳಕ್ಕೆ ಒಂದು ಪುಟ್ಟ ತೊಟ್ಟಿಯನ್ನು ಅಂಟಿಸಿ, ಅದರಲ್ಲಿ ದ್ರವ ತುಂಬಿಸಿ, ಟ್ರಾನ್ಸ್‌ಡ್ಯೂಸರ್ ಆ ದ್ರವದ ಮತ್ತು ತಳದ ಮೂಲಕವೇ ಶಬ್ದವನ್ನು ನೀರಿಗೆ ಕಳಿಸುವ ವ್ಯವಸ್ಥೆ ಇದು. ಬೋಟಿಗೆ ತೂತು ಬೀಳುವುದಿಲ್ಲ, ಟ್ರೇಲರಿನ ರೋಲರ್ ತಾಗುವುದಿಲ್ಲ, ಮಸಲ್ ಚಿಪ್ಪು ಟ್ರಾನ್ಸ್‌ಡ್ಯೂಸರಿಗೆ ಅಂಟುವುದಿಲ್ಲ. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ ಇದೆಯೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಇದು ಗಟ್ಟಿ ಫೈಬರ್‌ಗ್ಲಾಸ್ ತಳಕ್ಕೆ ಮಾತ್ರ. ಅಲ್ಯೂಮಿನಿಯಂ, ಉಕ್ಕು, ಮರ ಇವುಗಳಲ್ಲಿ ನಡೆಯುವುದಿಲ್ಲ; ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಫೋಮ್ ಅಥವಾ ಬಾಲ್ಸಾ ಮರ ತುಂಬಿರುವ ತಳದಲ್ಲೂ ನಡೆಯುವುದಿಲ್ಲ, ಏಕೆಂದರೆ ಆ ತುಂಬುವಸ್ತುವಿನಲ್ಲಿರುವ ಗಾಳಿ ಶಬ್ದವನ್ನು ನುಂಗುತ್ತದೆ. ಗಟ್ಟಿ ತಳದಲ್ಲೂ ಸ್ವಲ್ಪ ಶಕ್ತಿ ಸೋರಿಹೋಗುತ್ತದೆ, ನೀರಿನ ಉಷ್ಣತೆ ನಿಖರವಾಗಿ ಸಿಗುವುದಿಲ್ಲ. ಅಂಟಿಸುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು: ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿಸಿ ಟ್ರಾನ್ಸ್‌ಡ್ಯೂಸರನ್ನು ಅದರೊಳಗಿಟ್ಟು, ಒದ್ದೆ ಮಾಡಿದ ತಳದ ಮೇಲೆ ಅಲ್ಲಲ್ಲಿ ಒತ್ತಿಹಿಡಿದು, ಎಲ್ಲಿ ಆಳ ಸ್ಥಿರವಾಗಿ ಬರುತ್ತದೆಂದು ನೋಡಬೇಕು. ಅರ್ಧ ಅಡಿ ಸರಿಸಿದರೆ ಫಲಿತಾಂಶ ಬದಲಾಗುವುದುಂಟು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಊರುಗಳಲ್ಲಿ ತೊಟ್ಟಿಗೆ ನೀರು ತುಂಬಬಾರದು, ವಿಷರಹಿತವಾದ ಪ್ರೊಪಿಲೀನ್ ಗ್ಲೈಕಾಲ್ ದ್ರವವನ್ನು ತುಂಬಬೇಕು. ಇಲ್ಲದಿದ್ದರೆ ಜನವರಿಯಲ್ಲಿ ತೊಟ್ಟಿ ಒಡೆಯುತ್ತದೆ.

ಮೂರನೆಯದು ಥ್ರೂ-ಹಲ್, ಅಂದರೆ ತಳಕ್ಕೆ ತೂತು ಕೊರೆದು ಟ್ರಾನ್ಸ್‌ಡ್ಯೂಸರನ್ನು ಹೊರನೀರಿಗೆ ತೆರೆದಿಡುವುದು. ಇನ್‌ಬೋರ್ಡ್ ಬೋಟುಗಳಿಗೂ ಹಾಯಿದೋಣಿಗಳಿಗೂ ಇದೇ ಉತ್ತಮ, ಸಂಕೇತವೂ ಹೆಚ್ಚು ಶುದ್ಧ. ಇಲ್ಲಿ ಲೋಹದ ಆಯ್ಕೆಯಲ್ಲಿ ತಪ್ಪಿದರೆ ಬೋಟಿಗೇ ಅಪಾಯ. ಅಲ್ಯೂಮಿನಿಯಂ ತಳದಲ್ಲಿ ಕಂಚಿನ ಕವಚ ಕೂರಿಸಿದರೆ ಎರಡು ಲೋಹಗಳ ನಡುವೆ ನೀರಿನಲ್ಲಿ ವಿದ್ಯುತ್ತು ಹರಿದು ಅಲ್ಯೂಮಿನಿಯಂ ತೂತಿನ ಸುತ್ತ ಕರಗತೊಡಗುತ್ತದೆ. ಲೋಹದ ತಳಗಳಿಗೆ ಪ್ಲಾಸ್ಟಿಕ್ ಕವಚ, ಇಲ್ಲವೇ ಲೋಹಗಳು ಒಂದಕ್ಕೊಂದು ತಾಗದಂತೆ ಬೇರ್ಪಡಿಸುವ ಕೊಳವೆ ಸಹಿತವಾದ ಸ್ಟೇನ್‌ಲೆಸ್ ಸ್ಟೀಲ್ ಕವಚ ಬೇಕು. ಮರದ ತಳದಲ್ಲಿ ಇದಕ್ಕೆ ತದ್ವಿರುದ್ಧ: ನೀರು ಕುಡಿದು ಮರ ಉಬ್ಬಿದಾಗ ಪ್ಲಾಸ್ಟಿಕ್ ಕವಚ ಬಿರುಕು ಬಿಡಬಹುದಾದ್ದರಿಂದ ಅಲ್ಲಿ ಕಂಚೇ ಆಗಬೇಕು. ಫೈಬರ್‌ಗ್ಲಾಸಿಗೆ ಎರಡೂ ಆದೀತು.

ಹಳೆಯ ಥ್ರೂ-ಹಲ್ ಕವಚ ಗಟ್ಟಿಯಾಗಿದ್ದರೆ ಅದನ್ನು ಮುಟ್ಟದಿರುವುದೇ ಜಾಣತನ. ಹಲವು ಮಾದರಿಗಳಲ್ಲಿ ಕವಚ ತಳದಲ್ಲೇ ಉಳಿದು, ಒಳಗಿನ ಟ್ರಾನ್ಸ್‌ಡ್ಯೂಸರ್ ಭಾಗವನ್ನು ಮಾತ್ರ ಮೇಲಿನಿಂದ ಎಳೆದು ತೆಗೆಯಬಹುದು. ಹೊಂದುವ ಒಳಭಾಗ ಸಿಕ್ಕರೆ ಬೋಟನ್ನು ನೀರಿನಿಂದ ಎತ್ತುವ ಖರ್ಚೂ ಉಳಿಯುತ್ತದೆ. ತೂತಿನ ಅಳತೆ 51 ಮಿಲಿಮೀಟರ್ ಎಂಬುದು ಸಾಮಾನ್ಯವಾದರೂ, ಅಳತೆ ಒಂದೇ ಆದ ಮಾತ್ರಕ್ಕೆ ಒಂದು ತಯಾರಕರ ಒಳಭಾಗ ಇನ್ನೊಬ್ಬರ ಕವಚದಲ್ಲಿ ಕೂರುತ್ತದೆಂದು ತಿಳಿಯಬಾರದು. ನೀರು ತಡೆಯುವ ಓ-ರಿಂಗ್ ಎಂಬ ರಬ್ಬರ್ ಉಂಗುರ ಕೂರುವ ಕಚ್ಚೂ ಬೀಗದ ಪಿನ್ನೂ ಬೇರೆಯಾಗಿದ್ದರೆ ನೀರು ಒಳಗೆ ಬರುತ್ತದೆ.

ತಳದ ಇಳಿಜಾರನ್ನು ಅಳೆಯದೆ ಥ್ರೂ-ಹಲ್ ಕೊಳ್ಳಬಾರದು. ವೇಗದ ಬೋಟುಗಳ ತಳ ವಿ ಆಕಾರದಲ್ಲಿರುವುದರಿಂದ ಚಪ್ಪಟೆಯಾಗಿ ಕೂರಿಸಿದ ಟ್ರಾನ್ಸ್‌ಡ್ಯೂಸರ್ ನೇರ ಕೆಳಕ್ಕೆ ನೋಡದೆ ಪಕ್ಕಕ್ಕೆ ನೋಡುತ್ತದೆ. ಇದಕ್ಕಾಗಿ ಬಿಲ್ಲೆಯನ್ನೇ ಒಳಗೆ ಓರೆಯಾಗಿ ಕೂರಿಸಿದ ಮಾದರಿಗಳಿವೆ, ಏರ್‌ಮಾರ್‌ನ ಬಿ60 ಅಂಥದ್ದು: ತಳದ ಕೋನ 7 ಡಿಗ್ರಿಯವರೆಗೆ ಇದ್ದರೆ ಓರೆಯಿಲ್ಲದ್ದು, 8ರಿಂದ 15 ಇದ್ದರೆ 12 ಡಿಗ್ರಿ ಓರೆಯದ್ದು, 16ರಿಂದ 24 ಇದ್ದರೆ 20 ಡಿಗ್ರಿ ಓರೆಯದ್ದು. ಬೋಟು ಟ್ರೇಲರಿನ ಮೇಲೆ ಸಮತಟ್ಟಾಗಿ ನಿಂತಿರುವಾಗ, ಟ್ರಾನ್ಸ್‌ಡ್ಯೂಸರ್ ಬರಲಿರುವ ಜಾಗದಲ್ಲೇ, ಡಿಜಿಟಲ್ ಮಟ್ಟಗೋಲು ಒತ್ತಿಟ್ಟು ಈ ಕೋನವನ್ನು ಓದಬೇಕು. ಬೋಟಿನ ಕೈಪಿಡಿಯಲ್ಲಿ ಬರೆದಿರುವ ಕೋನ ಟ್ರಾನ್ಸಮ್ ಹತ್ತಿರದ್ದು. ಮುಂದೆ ಹೋದಂತೆ ಕೋನ ಹೆಚ್ಚುತ್ತದೆ. ಕಪಾಟಿನಲ್ಲಿ ಕೂತಿದೆ ಎಂದೆನಲ್ಲ, ನನ್ನ ಆ ಟ್ರಾನ್ಸ್‌ಡ್ಯೂಸರ್ 12 ಡಿಗ್ರಿಯದು. ನನ್ನ ಬೋಟಿನ ತಳ ಆ ಜಾಗದಲ್ಲಿ 19 ಡಿಗ್ರಿ.

ಇಷ್ಟಾದ ಮೇಲೆ ನೀರಿನ ವಿಚಾರ. ಆವರ್ತನ ಹೆಚ್ಚಿದಂತೆ ವಿವರ ಹೆಚ್ಚು, ಆಳ ಕಡಿಮೆ; ಆವರ್ತನ ತಗ್ಗಿದಂತೆ ಆಳ ಹೆಚ್ಚು, ವಿವರ ಕಡಿಮೆ. ಸೇಂಟ್ ಕ್ಲೇರ್‌ಗಾಗಲಿ, ಸರಾಸರಿ 19 ಮೀಟರ್ ಆಳದ ಈರಿ ಸರೋವರಕ್ಕಾಗಲಿ 200 ಕಿಲೋಹರ್ಟ್ಸ್ ಧಾರಾಳವಾಗಿ ಸಾಕು. ಅತಿ ಆಳದ ಜಾಗದಲ್ಲಿ 281 ಮೀಟರ್ ಇರುವ ಮಿಶಿಗನ್ ಸರೋವರದ ನಡುನೀರಿಗೆ ಹೋಗುವವರಿಗೆ 50 ಅಥವಾ 83 ಕಿಲೋಹರ್ಟ್ಸ್ ಕೂಡ ಇರುವ ಮಾದರಿ ಬೇಕೆನಿಸುತ್ತದೆ. ಶಬ್ದ ಶಂಕುವಿನಂತೆ ಹರಡುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಬಗೆಯ 600 ವಾಟ್ ಮಾದರಿಗಳಲ್ಲಿ 200 ಕಿಲೋಹರ್ಟ್ಸ್‌ನ ಶಂಕು ಸುಮಾರು 11–12 ಡಿಗ್ರಿ, 50ರದ್ದು ಸುಮಾರು 45 ಡಿಗ್ರಿ. ಅಂದರೆ 10 ಮೀಟರ್ ಆಳದಲ್ಲಿ ಮೊದಲನೆಯದು ತಳದ ಮೇಲೆ 2 ಮೀಟರ್ ಅಗಲದ ವೃತ್ತವನ್ನು ನೋಡಿದರೆ ಎರಡನೆಯದು 8 ಮೀಟರಿಗೂ ಅಗಲವಾದದ್ದನ್ನು ನೋಡುತ್ತದೆ. ಬಂಡೆಯೊಂದು ನಿಮ್ಮ ನೇರ ಕೆಳಗಿದೆಯೋ ನಾಲ್ಕು ಮೀಟರ್ ಪಕ್ಕದಲ್ಲಿದೆಯೋ ಎಂಬುದನ್ನು ಅಗಲದ ಶಂಕು ಹೇಳಲಾರದು. 455 ಅಥವಾ 800 ಕಿಲೋಹರ್ಟ್ಸ್‌ನಲ್ಲಿ ತಳದ ಚಿತ್ರ ಬಿಡಿಸುವ ಸೈಡ್ ಸ್ಕ್ಯಾನ್ ಮಾದರಿಗಳು ಆಕರ್ಷಕವೇ ಸರಿ, ಆದರೆ ಅವಕ್ಕೆ ಎರಡೂ ಪಕ್ಕ ಅಡ್ಡಿಯಿಲ್ಲದ ನೋಟ ಬೇಕು, ಎಂಜಿನ್ನಿನ ಕಾಲು ಅಡ್ಡ ಬಂದರೆ ಅರ್ಧ ಚಿತ್ರ ಹೋಗುತ್ತದೆ. ಆಳ ತಿಳಿಯುವುದಷ್ಟೇ ಉದ್ದೇಶವಾದವರಿಗೆ ಅದರ ಅಗತ್ಯ ಇಲ್ಲ.

ಕೂರಿಸುವಾಗ ನೆನಪಿಡಬೇಕಾದ ಕೆಲವು ಮಾತುಗಳು ಕೊಳ್ಳುವಾಗಲೇ ಲೆಕ್ಕಕ್ಕೆ ಬರುತ್ತವೆ. ಕೇಬಲ್ ಉದ್ದವಾಯಿತೆಂದು ಕತ್ತರಿಸಬಾರದು, ಸುರುಳಿ ಸುತ್ತಿ ಕಟ್ಟಿಡಬೇಕು; ಗಿಡ್ಡವಾದರೆ ತಯಾರಕರದೇ ಎಕ್ಸ್‌ಟೆನ್ಷನ್ ಬೇಕು. ಹಾಗಾಗಿ ಟ್ರಾನ್ಸಮ್‌ನಿಂದ ಚುಕ್ಕಾಣಿಯವರೆಗಿನ ದಾರಿಯನ್ನು ಹಗ್ಗ ಎಳೆದು ಅಳೆದುಕೊಂಡೇ ಆರ್ಡರ್ ಮಾಡುವುದು ಒಳ್ಳೆಯದು. ಎಂಜಿನ್ನಿನ ಇಗ್ನಿಷನ್ ತಂತಿ ಮತ್ತು ವಿಎಚ್‌ಎಫ್ ರೇಡಿಯೊ ಕೇಬಲ್‌ಗಳಿಂದ ಅದನ್ನು ದೂರ ಒಯ್ಯಬೇಕು. ನೀರಿನ ಮಟ್ಟದ ಕೆಳಗೆ ಬೋಟುಗಳಿಗಾಗಿಯೇ ಮಾಡಿದ ಸೀಲಂಟ್ ಬಳಸಬೇಕು, ಮನೆಯ ಸ್ನಾನಗೃಹಕ್ಕೆ ಬಳಸುವ ಸಿಲಿಕೋನ್ ಅಲ್ಲ. ತಳಕ್ಕೆ ಆ್ಯಂಟಿಫೌಲಿಂಗ್ ಎಂಬ, ಚಿಪ್ಪು ಪಾಚಿಗಳು ಅಂಟದಂತೆ ತಡೆಯುವ ಬಣ್ಣ ಬಳಿಯುವವರು ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ನೀರು ಆಧಾರಿತ ಬಣ್ಣವನ್ನೇ ತೆಳುವಾಗಿ ಬಳಿಯಬೇಕು.

ಹೊಸದನ್ನು ಕೂರಿಸಿದ ಮೇಲೆ ಅದು ಹೇಳುವ ಅಂಕಿಯನ್ನು ಒಮ್ಮೆ ಹಳೆಯ ವಿಧಾನದಿಂದ ಪರೀಕ್ಷಿಸಿ ನೋಡಬೇಕು. ನಿಂತ ನೀರಿನಲ್ಲಿ ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು, ಒದ್ದೆಯಾದ ಭಾಗವನ್ನು ಅಳೆದರೆ ನೀರಿನ ಮೇಲ್ಮೈಯಿಂದ ಇರುವ ಆಳ ಸಿಗುತ್ತದೆ. ನಮ್ಮ ಕರಾವಳಿಯಲ್ಲಿ ಹಿರಿಯರು ಇದನ್ನು ಮಾರು ಲೆಕ್ಕದಲ್ಲಿ ಹೇಳುತ್ತಿದ್ದರು, ಒಂದು ಮಾರೆಂದರೆ ಚಾಚಿದ ಎರಡು ತೋಳುಗಳ ಅಳತೆ, ಹೆಚ್ಚುಕಡಿಮೆ ಆರು ಅಡಿ. ಪರದೆಯ ಮೆನುವಿನಲ್ಲಿ ಫ್ಯಾದಮ್ ಎಂದು ಕಾಣುವುದೂ ಅದೇ ಅಳತೆಯೇ. ಪರದೆ ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ಫ್ಯಾದಮ್‌ನಲ್ಲಿದೆಯೋ ಎಂದು ನೋಡಿಕೊಳ್ಳದೆ ಹೊಸ ಟ್ರಾನ್ಸ್‌ಡ್ಯೂಸರನ್ನು ಬೈದವರನ್ನು ಕಂಡಿದ್ದೇನೆ. ಪರದೆ ತೋರಿಸುವುದು ಟ್ರಾನ್ಸ್‌ಡ್ಯೂಸರಿನ ಮುಖದಿಂದ ಕೆಳಗಿನ ಆಳವನ್ನು. ಹಗ್ಗದ ಅಳತೆಗೂ ಅದಕ್ಕೂ ಇರುವ ವ್ಯತ್ಯಾಸ ಟ್ರಾನ್ಸ್‌ಡ್ಯೂಸರ್ ನೀರಿನಲ್ಲಿ ಮುಳುಗಿರುವಷ್ಟೇ ಇರಬೇಕು. ಆ ಅಂತರವನ್ನು ಮೆನುವಿನ ಆಫ್‌ಸೆಟ್‌ನಲ್ಲಿ ಕೊಟ್ಟರೆ ಮೇಲ್ಮೈಯಿಂದಲಾದರೂ, ಕೀಲ್ ಎಂಬ ತಳದ ನಡು ಏಣಿನ ತುದಿಯಿಂದಲಾದರೂ ಆಳ ಓದಬಹುದು. ಯಾವುದನ್ನು ಆರಿಸಿದ್ದೀರೆಂದು ಬೋಟು ಓಡಿಸುವ ಮನೆಯವರೆಲ್ಲರಿಗೂ ಗೊತ್ತಿರಬೇಕು.

ಥ್ರೂ-ಹಲ್ ಹಾಕಿಸಿದವರು ಬೋಟನ್ನು ನೀರಿಗಿಳಿಸಿದ ಕೂಡಲೇ ಕವಚದ ಸುತ್ತ ಒಣ ಬಟ್ಟೆಯಿಂದ ಒರೆಸಿ, ಒದ್ದೆಯಾಗುತ್ತದೆಯೇ ಎಂದು ನೋಡಬೇಕು. ಸಣ್ಣ ಸೋರಿಕೆ ಮೊದಲ ಗಂಟೆಯಲ್ಲಿ ಕಾಣದೆ ಇರಬಹುದಾದ್ದರಿಂದ, ಕನಿಷ್ಠ 24 ಗಂಟೆಗಳವರೆಗೆ ಆಗಾಗ ಹೋಗಿ ಪರೀಕ್ಷಿಸುವ ಮೊದಲು ಬೋಟನ್ನು ಲಂಗರಿನಲ್ಲಿ ಒಂಟಿಯಾಗಿ ಬಿಟ್ಟು ಊರಿಗೆ ಹೊರಡಬಾರದು.